ಬಣ್ಣದ್ದು ಬಂತು, ಆ ಮಾಡು

ಯಲ್ಲಾಪುರದ ಆ ಓಣಿಯಲ್ಲಿ ದೇವಿಯ ಕೈಗೆ ದೊಡ್ಡ ಹೆಸರಿತ್ತು. ಉಣ್ಣದ ಮಗುವನ್ನು ದೇವಿಯ ಕೈಗೆ ಕೊಡಿ, ಬಟ್ಟಲು ತೊಳೆದಿಟ್ಟ ಹಾಗೆ ಖಾಲಿ ಮಾಡಿಸಿ ಕೊಡುತ್ತಾಳೆ ಎಂದು ಹೆಂಗಸರು ಹೇಳಿಕೊಳ್ಳುತ್ತಿದ್ದರು. ತುಟಿ ಬಿಗಿಹಿಡಿದು ತಲೆ ಆಡಿಸುವ ಮಕ್ಕಳು, ಬಾಯಿಗಿಟ್ಟದ್ದನ್ನು ಫುರ್ರೆಂದು ಉಗುಳುವ ಮಕ್ಕಳು, ತುತ್ತನ್ನು ಕೆನ್ನೆಯಲ್ಲಿ ಅಡಗಿಸಿಕೊಂಡು ಸಂಜೆಯವರೆಗೂ ಕೂರುವ ಮಕ್ಕಳು, ಯಾವ ಹಟಮಾರಿಯಾದರೂ ಅವಳ ಮುಂದೆ ಬಾಯಿ ತೆರೆಯಲೇಬೇಕು. ಎದುರು ಮನೆಯ ಮಹೇಶ್ವರಿ ಕಲಘಟಗಿ ಕಡೆಯವಳು, ಮಾತು ಜೋರು. "ದೇವಕ್ಕನ ಕೈಯಾಗ ಏನೋ ಮಂತ್ರ ಐತ್ರಿ" ಎಂದು ಹಾಲು ತರಲು ಹೋದಲ್ಲೆಲ್ಲ ಸಾರಿ ಬರುತ್ತಿದ್ದಳು.

ಮಂತ್ರವೂ ಇಲ್ಲ, ಮಣ್ಣೂ ಇಲ್ಲ. ದೇವಿಯ ಹತ್ತಿರ ಇದ್ದದ್ದು ಒಂದು ಟಿವಿ. ಆದರೆ ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಮಗುವನ್ನು ಕರೆತಂದವರಿಗೆ, "ನೀವು ಹೊರಗೆ ಕೂತ್ಕಳಿ, ಉಣ್ಣೂ ಮಗುನ್ನ ನೋಡಿದ್ರೆ ದೃಷ್ಟಿ ತಾಗ್ತದೆ" ಎಂದು ಹೇಳಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು. ದೃಷ್ಟಿಯ ಮಾತಿಗೆ ಎದುರು ಹೇಳುವ ತಾಯಿ ಇದ್ದಾಳೆಯೇ? ಒಳಗೆ ನಡೆಯುವುದು ಒಳಗೇ ಉಳಿಯಿತು. ಹೆಸರು ಮಾತ್ರ ಹೊರಗೆ ಬಂತು.

ಈ ವಿದ್ಯೆಯನ್ನು ಅವಳು ಕಲಿತದ್ದು ಮೊಮ್ಮಗ ಉಲ್ಲಾಸನ ಮೇಲೆ. ಮಗ ಉದಯನಿಗೆ ಹೆದ್ದಾರಿಯ ಬದಿಯಲ್ಲಿ ಟೈರ್ ಪಂಚರಿನ ಅಂಗಡಿ. ಅಂಕೋಲೆಗೆ ಇಳಿಯುವ ಲಾರಿಗಳು, ಹುಬ್ಬಳ್ಳಿಗೆ ಏರುವ ಲಾರಿಗಳು, ಅವನಿಗೆ ಬಿಡುವೆಂಬುದಿಲ್ಲ. ಸೊಸೆ ರೋಹಿಣಿ ಪೇಟೆಯ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಉಲ್ಲಾಸ ತಿಂಗಳು ತುಂಬುವ ಮೊದಲೇ ಹುಟ್ಟಿದವನು. ಆಸ್ಪತ್ರೆಯ ತಕ್ಕಡಿಯಲ್ಲಿ ಮಲಗಿಸಿದರೆ ಮುಳ್ಳು ಅಲ್ಲಾಡಿತೋ ಇಲ್ಲವೋ ಎಂದು ಬಗ್ಗಿ ನೋಡಬೇಕು, ಅಷ್ಟು ಸಣ್ಣ ಜೀವ. ಅಲ್ಲಿಯೇ ಗೋಡೆಗೆ ಒರಗಿ ನಿಂತು ದೇವಿ ತಮ್ಮೂರ ದುರ್ಗಮ್ಮನಿಗೆ ಹರಕೆ ಹೇಳಿಕೊಂಡಳು. "ತಾಯೀ, ಈ ಕೂಸಿಗೆ ತೂಕ ಕೊಡು. ತುಲಾಭಾರ ಮಾಡಿಸ್ತೆ. ತೂಕಕ್ಕೆ ತೂಕ ಬೆಲ್ಲ ಹಾಕ್ತೆ."

ತಾಯಿ ಜೀವ ಉಳಿಸಿದಳು. ಆದರೆ ಮಗು ಉಣ್ಣಬೇಕಲ್ಲ! ರಾಗಿ ಸರಿ ಕೊಟ್ಟರೆ ಮುಖ ತಿರುಗಿಸಿತು, ತುಪ್ಪದ ಅನ್ನ ಕೊಟ್ಟರೆ ಉಗುಳಿತು. ರೋಹಿಣಿ ಕೆಲಸಕ್ಕೆ ಮರಳಿದ ಮೇಲಂತೂ ಮಧ್ಯಾಹ್ನವೆಲ್ಲ ಅಜ್ಜಿ ಮೊಮ್ಮಗನ ಜಗಳವೇ. ಒಂದು ದಿನ ದೇವಿ ಸೋತು ಸುಣ್ಣವಾಗಿ ಬಟ್ಟಲು ಹಿಡಿದು ಟಿವಿಯ ಮುಂದೆ ಕುಕ್ಕರಿಸಿದಳು. ಧಾರಾವಾಹಿಯಲ್ಲಿ ಯಾರೋ ಅತ್ತೆ ಯಾರೋ ಸೊಸೆಗೆ ಕಣ್ಣು ಕೆಂಪು ಮಾಡುತ್ತಿದ್ದಳು. ಅಷ್ಟರಲ್ಲಿ ನಡುವೆ ಜಾಹೀರಾತು ಬಂತು. ಹಳದಿ ಅಂಗಿಯ ಮಕ್ಕಳ ದಂಡು ಹಾರಿತು, ಕುಣಿಯಿತು, ಬಟ್ಟಲಿನಿಂದ ಹೊಗೆಯಾಡುವ ಶ್ಯಾವಿಗೆಯಂಥದ್ದು ಮೇಲೆದ್ದಿತು, ಹಿಂದಿನಿಂದ ಡೋಲು ಬಡಿದ ಹಾಗೆ ಸದ್ದು. ತೊಡೆಯ ಮೇಲಿನ ಮಗು ಅಳು ನಿಲ್ಲಿಸಿ ಕಣ್ಣರಳಿಸಿತು. ಬಾಯಿ ತಾನಾಗಿ ತೆರೆಯಿತು. ದೇವಿ ಬಿಡುತ್ತಾಳೆಯೇ? ತುತ್ತು ಒಳಗೆ ಹೋಯಿತು, ಮಗು ನುಂಗಿತು. ಅಂದು ಅವಳಿಗಾದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ಅಲ್ಲಿಂದ ಮುಂದೆ ಲೋಕದವರೆಲ್ಲ ಶಪಿಸುವ ಜಾಹೀರಾತಿಗೆ ದೇವಿ ಕಾದು ಕೂರತೊಡಗಿದಳು. ಧಾರಾವಾಹಿ ಬಂದರೆ ಚಾನೆಲ್ ಬದಲಿಸುವುದು, ಜಾಹೀರಾತು ಬಂದರೆ ನಿಲ್ಲಿಸುವುದು. ಅದಕ್ಕೆ ಅವಳೇ ಒಂದು ಹೆಸರನ್ನೂ ಇಟ್ಟಳು, "ಬಣ್ಣದ್ದು". "ಬಣ್ಣದ್ದು ಬಂತು, ಆ ಮಾಡು" ಎಂದರೆ ಸಾಕು, ಹುಡುಗ ಬಾಯಿ ತೆರೆದ. ಬಣ್ಣದ್ದು ಹೋಗುವಷ್ಟರಲ್ಲಿ ಎಷ್ಟು ತುತ್ತು ಆದೀತೋ ಅಷ್ಟು ತುರುಕುವುದು. ಮಗುವಿಗೆ ಹಸಿವಿದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಇಲ್ಲ. ಬಟ್ಟಲು ಖಾಲಿಯಾಯಿತೋ ಇಲ್ಲವೋ, ಅದೊಂದೇ ಲೆಕ್ಕ.

ಸ್ವಲ್ಪ ಮಾತು ಬಂದದ್ದೇ ಹುಡುಗ ಟಿವಿಯ ಕಡೆ ಕೈ ತೋರಿಸಿ "ಅದು ಬೇಕು" ಎನ್ನತೊಡಗಿದ. ಅಲ್ಲಿ ಚಿಪ್ಸು ಕುರುಕುರು ಎನ್ನುವಾಗ ಇಲ್ಲಿ ಮೊಸರನ್ನ ಯಾಕೆ ಬೇಕು ಅವನಿಗೆ? ದೇವಿಗೆ ಅದಕ್ಕೂ ಉಪಾಯ ಹೊಳೆಯಿತು. ಚಿಪ್ಸನ್ನು ಪುಡಿ ಮಾಡಿ ಅನ್ನದ ಮೇಲೆ ಉದುರಿಸಿದಳು. ಬಿಸ್ಕತ್ತನ್ನು ಹಾಲಿನಲ್ಲಿ ಕಲಸಿದಳು. ಚಾಕೊಲೇಟು ಬಣ್ಣದ ಪುಡಿಯನ್ನು ಚಮಚದ ಮೇಲೆ ಚಮಚ ಸುರಿದಳು. ಬಿಳಿ ಕೋಟಿನವನೊಬ್ಬ ಟಿವಿಯಲ್ಲಿ ಹುಡುಗನನ್ನು ಗೋಡೆಗೆ ನಿಲ್ಲಿಸಿ ಗೆರೆ ಎಳೆದು, ಇದನ್ನು ಕುಡಿದರೆ ಮಕ್ಕಳು ಬೆಳೆಯುತ್ತಾರೆ ಎಂದು ದಿನಾ ಹೇಳುತ್ತಿದ್ದನಲ್ಲ. ಕುತ್ತಿಗೆಗೆ ನಳಿಗೆ ಹಾಕಿಕೊಂಡು ಬಂದ ಡಾಕ್ಟರು ಸುಳ್ಳು ಹೇಳುತ್ತಾನೆಯೇ? ಅವನು ದುಡ್ಡಿಗೆ ವೇಷ ಹಾಕಿದವನು ಎಂಬುದು ದೇವಿಯ ತಲೆಗೆ ಬರಲೇ ಇಲ್ಲ.

"ಇವತ್ತು ಟಿವಿಲಿ ಬಂತಲ್ಲ, ಅದನ್ನ ತಗಂಡು ಬಾ, ಮಗ ಕೇಳ್ತಾ" ಎಂದು ಬೆಳಿಗ್ಗೆ ಸೊಸೆಗೆ ಹೇಳಿ ಕಳಿಸುತ್ತಿದ್ದಳು. ರೋಹಿಣಿ ಸಂಜೆ ಚೀಲ ತುಂಬ ತರುತ್ತಿದ್ದಳು. ಹಗಲೆಲ್ಲ ಮಗನ ಹತ್ತಿರ ಇರಲಾಗದ ತಾಯಿ, ಕೇಳಿದ್ದನ್ನಾದರೂ ತಂದುಕೊಡೋಣ ಎಂದು ತರುತ್ತಿದ್ದಳು. ತರುವ ಕೈ ಅವಳದು, ತರಿಸುವ ನಾಲಿಗೆ ಇವಳದು.

ಹುಡುಗ ಮೈ ತುಂಬಿಕೊಂಡ. ಕೆನ್ನೆ ಉಬ್ಬಿತು, ಮಣಿಕಟ್ಟಿನಲ್ಲಿ ಮಡಿಕೆ ಬಿತ್ತು, ದೇವಿ ಬೀಗಿದಳು. ಶಾಲೆಗೆ ಸೇರಿದ ಮೇಲೆ ಯಾರಾದರೂ "ಸ್ವಲ್ಪ ದಪ್ಪ ಆದ ಅಲ್ದಾ?" ಎಂದರೆ ಸಾಕು, ಮನೆಗೆ ಬಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಟೀಚರು ಹೇಳಿದಾಗಲೂ ನಿವಾಳಿಸಿದಳು. ನೆಂಟರು ಹೇಳಿದಾಗಲೂ ನಿವಾಳಿಸಿದಳು. ಕಣ್ಣಿದ್ದವರು ಕಂಡದ್ದನ್ನು ಹೇಳಿದರೆ ಅವರ ಕಣ್ಣೇ ಕೆಟ್ಟದ್ದು ಎಂದರೆ ಇನ್ನು ಹೇಳುವವರು ಯಾರು? ಎಲ್ಲರೂ ಬಾಯಿ ಮುಚ್ಚಿಕೊಂಡರು. ಹರಕೆಯನ್ನೂ ಅವಳು ಮುಂದೂಡುತ್ತಲೇ ಬಂದಳು. "ಇನ್ನೊಂಚೂರು ಮೈ ಬರ್ಲಿ. ಕೊಡೂದು ತಾಯಿಗೆ, ಕೈ ಬಿಗಿ ಮಾಡೂದಾ?" ಎನ್ನುವಳು. ಹಾಗೆ ಹುಡುಗನಿಗೆ ಒಂಬತ್ತು ತುಂಬಿತು.

ಕೊನೆಗೂ ಈ ಸಲದ ನವರಾತ್ರಿಯಲ್ಲಿ ತುಲಾಭಾರವಾಯಿತು. ಗುಡಿಗೆ ಏರುವ ಮೆಟ್ಟಿಲಲ್ಲೇ ಉಲ್ಲಾಸ ಎರಡು ಕಡೆ ಕೂತು ಏದುಸಿರು ಬಿಟ್ಟ. ಗುಡಿಯ ತೊಲೆಗೆ ದೊಡ್ಡ ತಕ್ಕಡಿ ತೂಗುಹಾಕಿತ್ತು. ಪೂಜಾರಿ ಹೊನ್ನ ಹುಡುಗನ ಹಣೆಗೆ ಕುಂಕುಮ ಇಟ್ಟು ಒಂದು ತಟ್ಟೆಯಲ್ಲಿ ಕೂರಿಸಿ, ಇನ್ನೊಂದಕ್ಕೆ ಬೆಲ್ಲದ ಪೆಂಟೆಗಳನ್ನು ಏರಿಸಿದ. ದೇವಿ ಕಣ್ಣಂದಾಜಿನಲ್ಲಿ, ಅದೂ ಧಾರಾಳವಾಗಿ ತರಿಸಿದ್ದ ಬೆಲ್ಲ. ಅಷ್ಟೂ ಏರಿತು. ಹುಡುಗ ಕೂತ ತಟ್ಟೆ ನೆಲ ಬಿಟ್ಟು ಏಳಲಿಲ್ಲ.

ಉದಯ ಬೈಕ್ ಹತ್ತಿ ಪೇಟೆಗೆ ಓಡಿದ. ಅಷ್ಟು ಹೊತ್ತೂ ಹುಡುಗ ತಕ್ಕಡಿಯಲ್ಲೇ ಕೂತಿರಬೇಕು, ನಡುವೆ ಇಳಿಸುವ ಹಾಗಿಲ್ಲ. ಹಿಂದೆ ಮತ್ತೊಬ್ಬರ ಮಗು ಕಾಯುತ್ತಿತ್ತು. ಜನರಲ್ಲಿ ಗುಸುಗುಸು ಶುರುವಾಯಿತು. ಗುಂಪಿನಿಂದ ಒಬ್ಬ ಪೋರ ಚಿಪ್ಸಿನ ಜಾಹೀರಾತಿನ ಕುಣಿತವನ್ನು ಹೊಟ್ಟೆ ಮುಂದೆ ಮಾಡಿ ಕುಣಿದು ತೋರಿಸಿದ. ಎಲ್ಲರೂ ಗೊಳ್ಳೆಂದರು. ನಗಬಾರದೆಂದು ಹಲ್ಲು ಕಚ್ಚಿದ್ದ ಹೊನ್ನನೂ ನಕ್ಕುಬಿಟ್ಟ. ಉಲ್ಲಾಸ ಸರಪಳಿ ಹಿಡಿದುಕೊಂಡು, ಕಾಲು ಮರಗಟ್ಟಿದವನು, ಅಜ್ಜಿಯನ್ನೇ ನೋಡಿದ.

"ಸಾಕಾ ಅಜ್ಜಿ? ಇಳೀಲಾ?"

"ಇನ್ನೊಂಚೂರು ಮಗಾ" ಎಂದಳು ದೇವಿ. ಬೆಲ್ಲ ಬಂತು, ಹುಡುಗನ ತಟ್ಟೆ ಎದ್ದಿತು, ಗಂಟೆ ಬಾರಿಸಿದರು. ಹುಡುಗ ಇಳಿದು ಅಪ್ಪನ ಬೆನ್ನ ಹಿಂದೆ ಅಡಗಿಕೊಂಡ. ಪ್ರಸಾದದ ಬೆಲ್ಲ ಕೊಟ್ಟರೂ ಮುಟ್ಟಲಿಲ್ಲ. ಬಣ್ಣದ್ದಕ್ಕೆ ಬಾಯಿ ತೆರೆಯಲು ಕಲಿತ ಮೇಲೆ ಅವನು ಸಿಹಿಯನ್ನು ಬೇಡ ಎಂದದ್ದು ಅದೇ ಮೊದಲು.

ಉದಯನಿಗೆ ಅವಮಾನ ತಡೆಯಲಿಲ್ಲ. ಮರುವಾರವೇ ಎಲ್ಲರನ್ನೂ ಸಿರ್ಸಿಯ ಮಕ್ಕಳ ಡಾಕ್ಟರು ಪರಿಮಳಾ ಅವರ ಹತ್ತಿರ ಕರೆದುಕೊಂಡು ಹೋದ. ರಕ್ತ ಕೊಟ್ಟು, ಹೊಟ್ಟೆಯ ಸ್ಕ್ಯಾನ್ ಮಾಡಿಸಿ, ಕರೆಯುವವರೆಗೆ ಹೊರಗಿನ ಬೆಂಚಿನಲ್ಲಿ ಕೂರಬೇಕಾಯಿತು. ಗೋಡೆಯಲ್ಲಿ ಒಂದು ಟಿವಿ ಇತ್ತು, ಸದ್ದಿಲ್ಲದೆ ವಾರ್ತೆ ಬರುತ್ತಿತ್ತು. ಉದಯ ಫೋನಿನಲ್ಲಿ ಅಂಗಡಿಯ ಮಾತಾಡುತ್ತಿದ್ದ. ರೋಹಿಣಿ ಚೀಟಿ ಮಾಡಿಸಲು ನಿಂತಿದ್ದಳು. ಮಗ್ಗುಲಲ್ಲಿ ಕೂತ ಮೊಮ್ಮಗನ ಕಡೆ ದೇವಿ ಸುಮ್ಮನೆ ನೋಡಿದಳು.

ವಾರ್ತೆ ಮುಗಿದು ಬಿಸ್ಕತ್ತಿನ ಜಾಹೀರಾತು ಬಂತು. ಉಲ್ಲಾಸನ ಬಾಯಿ ತೆರೆಯಿತು.

ಅವನ ಮುಂದೆ ಯಾರ ಕೈಯೂ ಇರಲಿಲ್ಲ, ಬಟ್ಟಲೂ ಇರಲಿಲ್ಲ. ಬಿಸ್ಕತ್ತು ಬೇಕೆಂದು ಅವನು ಕೇಳಲೂ ಇಲ್ಲ. ಕಣ್ಣು ಟಿವಿಯಲ್ಲಿ ನೆಟ್ಟಿತ್ತು. ತುಟಿ ಬಿಚ್ಚಿ, ಗಲ್ಲ ಸ್ವಲ್ಪ ಮುಂದೆ ಬಂದು, ಗೂಡಿನ ಮರಿಯ ಹಾಗೆ ಕಾಯುತ್ತಿತ್ತು ಆ ಬಾಯಿ. ಜಾಹೀರಾತು ಹೋಯಿತು, ಬಾಯಿ ಮುಚ್ಚಿತು. ಇನ್ನೊಂದು ಬಂತು, ಮತ್ತೆ ತೆರೆಯಿತು. ಅವನಿಗೆ ಅದು ಗೊತ್ತೇ ಇರಲಿಲ್ಲ.

ದೇವಿ ಅದನ್ನು ಕಂಡಳು. ಮೆಲ್ಲನೆ ಕೈ ಚಾಚಿ ಅವನ ಗಲ್ಲವನ್ನು ಮೇಲಕ್ಕೆ ಒತ್ತಿ ಬಾಯಿ ಮುಚ್ಚಿಸಿದಳು. ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿದಳು. ಯಾರೂ ನೋಡಿರಲಿಲ್ಲ.

ಪರಿಮಳಾ ಡಾಕ್ಟರು ಮಾತಿನಲ್ಲಿ ಮೆದು, ಆದರೆ ಸುತ್ತಿ ಬಳಸಿ ಹೇಳುವವರಲ್ಲ. "ಈ ವಯಸ್ಸಿಗೇ ಲಿವರ್ ಮೇಲೆ ಕೊಬ್ಬು ಕೂತಿದೆ. ಸಕ್ಕರೆ ಕಾಯಿಲೆ ಬಾಗಿಲಲ್ಲೇ ನಿಂತಿದೆ. ಈಗಲೇ ತಿದ್ದಿದ್ರೆ ತಿದ್ದೀತು" ಎಂದು ಹೇಳಿ, ಹುಡುಗನನ್ನು ಹತ್ತಿರ ಕರೆದು ಕೇಳಿದರು. "ನಿಂಗೆ ಹಸಿವೆ ಆದಾಗ ಹೊಟ್ಟೆ ಹ್ಯಾಂಗಾಗ್ತದೆ, ಹೇಳು ನೋಡ್ವ."

ಉಲ್ಲಾಸ ಯೋಚನೆ ಮಾಡಿದ. ಪರೀಕ್ಷೆಯಲ್ಲಿ ಓದದ ಪ್ರಶ್ನೆ ಬಂದವನ ಹಾಗೆ ಅಜ್ಜಿಯ ಮುಖ ನೋಡಿದ. "ಗೊತ್ತಿಲ್ಲ" ಎಂದ.

ಡಾಕ್ಟರು ಅವನ ತಲೆ ಸವರಿ ದೊಡ್ಡವರ ಕಡೆ ತಿರುಗಿದರು. "ಕೇಳಿದ್ರಾ? ಹಸಿವೆ ಅಂದ್ರೆ ಎಂತ ಅಂತ ಈ ಮಗುವಿಗೆ ಗೊತ್ತಿಲ್ಲ. ಮತ್ಯಾಕೆ ತಿಂತಾನೆ? ಸಣ್ಣ ಇರುವಾಗ ಇವನಿಗೆ ಉಣ್ಣೋದು ಹ್ಯಾಂಗೆ ಕಲಿಸಿದ್ರಿ? ಅದೊಂದು ಗೊತ್ತಾಗ್ದೆ ನಾನು ಎಂತ ಪಥ್ಯ ಬರೆದು ಕೊಟ್ರೂ ಉಪಯೋಗ ಇಲ್ಲ."

ಆ ಕೋಣೆಯಲ್ಲಿ ಉತ್ತರ ಗೊತ್ತಿದ್ದವಳು ಒಬ್ಬಳೇ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ಉದಯನೇ ಬಾಯಿ ಹಾಕಿದ. "ಇವ್ಳೇ ಡಾಕ್ಟ್ರೇ. ದಿನಾ ಚೀಲ ತುಂಬ ಪ್ಯಾಕೆಟ್ ತರ್ತಾಳೆ. ಹೇಳಿದ್ರೆ ಕೇಳೂದಿಲ್ಲ."

ರೋಹಿಣಿ ತಲೆ ತಗ್ಗಿಸಿದಳು. ಅವಳ ಕಣ್ಣು ಒಂದು ಕ್ಷಣ ಅತ್ತೆಯ ಕಡೆ ಬಂತು. ನೀವಾದರೂ ಒಂದು ಮಾತು ಹೇಳಿ, ನೀವೇ ತರಿಸುತ್ತಿದ್ದದ್ದು ಎಂದು ಕೇಳುವ ಹಾಗಿತ್ತು ಆ ನೋಟ. ದೇವಿ ಬಾಯಿ ತೆರೆದಳು. ತೆರೆದು ಏನು ಹೇಳಿದಳು ಗೊತ್ತೇ?

"ಹುಡುಗ್ರಿಗೆ ತಾಯಿ ಹತ್ರ ಇರ್ಬೇಕು ಡಾಕ್ಟ್ರೇ. ಇವ್ಳಿಗೆ ಹಗಲೆಲ್ಲ ಅಂಗಡಿ."

ಛೀ! ಆ ಮಾತು ತನ್ನ ಬಾಯಿಂದಲೇ ಬಂತೇ ಎಂದು ದೇವಿಗೇ ನಾಚಿಕೆಯಾಯಿತು. ಆದರೆ ಆಡಿದ್ದನ್ನು ನುಂಗಲು ಬರುತ್ತದೆಯೇ? ಓಣಿಯ ತುಂಬ ಹಬ್ಬಿದ ಹೆಸರು ಅವಳ ನಾಲಿಗೆಯನ್ನು ಹಿಡಿದುಕೊಂಡಿತ್ತು. ಊರಿಗೆ ಮರಳುವ ಬಸ್ಸು ಮಂಚಿಕೇರಿ ದಾಟಿತು. ಆಮೇಲೆ ಉದಯ ಕಿಟಕಿಯ ಕಡೆ ಮುಖ ಮಾಡಿ ಹೆಂಡತಿಗೆ ಹೇಳಿದ. "ಈ ತಿಂಗಳ ಕೊನೆಗೆ ಸಾಕು ಮಾಡು. ಅಂಗಡಿ ಬಿಟ್ಟು ಮನೇಲಿ ಇರು." ರೋಹಿಣಿ ಮಗನ ಅಂಗಿಯ ಗುಂಡಿ ಸರಿ ಮಾಡಿದಳು. ಆ ಔಷಧಿ ಅಂಗಡಿ ಅವಳಿಗೆ ಎಷ್ಟು ಇಷ್ಟವೆಂದು ದೇವಿಗೆ ಗೊತ್ತಿತ್ತು. ಬೆಳಿಗ್ಗೆ ಹೊರಡುವಾಗ ಅವಳು ಕನ್ನಡಿಯ ಮುಂದೆ ಹಾಡು ಗುನುಗುತ್ತಿದ್ದುದನ್ನು ದೇವಿ ಎಷ್ಟೋ ಸಲ ಕೇಳಿದ್ದಳು.

ಮನೆಯಲ್ಲಿದ್ದ ಪ್ಯಾಕೆಟುಗಳನ್ನೆಲ್ಲ ಉದಯ ಹೊರಗೆ ಎಸೆದ. ರೋಹಿಣಿ ಬೆಳಿಗ್ಗೆ ಬೇಗ ಎದ್ದು ರೊಟ್ಟಿ, ಪಲ್ಯ, ಹೆಸರುಕಾಳು ಮಾಡಿಟ್ಟು ಹೋಗತೊಡಗಿದಳು. ಸಂಜೆ ಬಂದು ಮಗನ ಕೈ ಹಿಡಿದು ಜೋಡುಕೆರೆಯ ಕಡೆ ನಡೆಸಿಕೊಂಡು ಬರುವಳು. ಇಷ್ಟೆಲ್ಲ ಮಾಡಿದರೂ ಹುಡುಗ ಇಳಿಯಲಿಲ್ಲ. ಇಳಿಯುವುದು ಹೇಗೆ? ಅವನು ಶಾಲೆ ಬಿಟ್ಟು ಬರುವ ಹೊತ್ತಿಗೂ ತಾಯಿ ಬರುವ ಹೊತ್ತಿಗೂ ನಡುವೆ ಆ ಮನೆಯಲ್ಲಿ ಅಜ್ಜಿ ಇದ್ದಳು, ಟಿವಿ ಇತ್ತು.

ದೇವಿ ಪ್ರಯತ್ನ ಮಾಡಲಿಲ್ಲವೆಂದಲ್ಲ. ಟಿವಿಗೆ ಹಳೆಯ ಸೀರೆ ಹೊದಿಸಿದಳು. ಮೊದಲ ದಿನ ಹುಡುಗ ಅದರ ಮುಂದೆ ಸುತ್ತಿ ಸುತ್ತಿ ಬೆವತ. ಮಾರನೆಯ ದಿನ ಸೀರೆ ಹಿಡಿದು ಅತ್ತ. "ಅಜ್ಜಿ, ಒಂದೇ ಬಣ್ಣದ್ದು. ಒಂದೇ ಒಂದು." ಒಂಬತ್ತು ವರ್ಷದ ಹುಡುಗ ಕೈಕೂಸಿನ ಹಾಗೆ ಬಿಕ್ಕಿದರೆ ಕಲ್ಲಾದರೂ ಕರಗೀತು, ಇವಳು ಕರಗದೆ ಇರುತ್ತಾಳೆಯೇ? ಸೀರೆ ಸರಿಸಿದಳು. ಬಣ್ಣದ್ದು ಬಂತು, ಬಾಯಿ ತೆರೆಯಿತು. ತೆರೆದ ಬಾಯಿಯನ್ನು ಬರಿದೆ ಬಿಡಲು ಅವಳಿಂದಾಗಲಿಲ್ಲ. ಉದಯನ ಕಣ್ಣು ತಪ್ಪಿಸಿ ಅಕ್ಕಿ ಡಬ್ಬಿಯ ಅಡಿಯಲ್ಲಿ ಹುದುಗಿಸಿಟ್ಟಿದ್ದ ಬಿಸ್ಕತ್ತು ಹೊರಗೆ ಬಂತು. ತಿನ್ನಿಸುತ್ತ ತಿನ್ನಿಸುತ್ತ ಅವಳೇ ಕಣ್ಣೊರೆಸಿಕೊಂಡಳು. ಬೇಡ ಬೇಡವೆಂದು ಮನಸ್ಸು ಹೇಳುತ್ತಲೇ ಇತ್ತು, ಕೈ ತನ್ನ ಪಾಡಿಗೆ ಹೋಗಿ ಬರುತ್ತಿತ್ತು.

ಒಂದು ಸಂಜೆ ಉದಯ ಮಗನ ಚಡ್ಡಿ ಇನ್ನಷ್ಟು ಬಿಗಿಯಾದದ್ದು ಕಂಡು ಹೆಂಡತಿಯ ಮೇಲೆ ಹರಿಹಾಯ್ದ. "ಕದ್ದು ಕೊಡ್ತೀಯಾ ನೀನು? ಮಗನ್ನ ಕೊಂದು ಹಾಕ್ತೀಯಾ?"

"ದೇವರಾಣೆ ಇಲ್ಲ" ಎಂದಳು ರೋಹಿಣಿ.

ಅಡುಗೆಮನೆಯಲ್ಲಿ ದೇವಿ ಪಾತ್ರೆ ತಿಕ್ಕುತ್ತಿದ್ದಳು. ಬೆಳಗಿದ ಪಾತ್ರೆಯನ್ನೇ ಮತ್ತೆ ಬೆಳಗಿದಳು. ಎದ್ದು ಹೋಗಿ ನಾನು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವಳು ಇನ್ನೊಂದು ಪಾತ್ರೆ ಎಳೆದುಕೊಂಡಳು. ಕೊಲ್ಲುತ್ತಿರುವವಳು ಯಾರೆಂದು ನನಗೆ ಗೊತ್ತು, ದುರ್ಗಮ್ಮನಿಗೆ ಗೊತ್ತು, ಗೊತ್ತಿಲ್ಲದವರು ಮಗ ಸೊಸೆ ಇಬ್ಬರೇ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು.

ಇದರ ಮೇಲೆ ಮಹೇಶ್ವರಿ ಬರಬೇಕೆ! ಸೊಂಟದಲ್ಲಿ ಮೊಮ್ಮಗಳು ರಕ್ಷಿತಾ, ಕೈಯಲ್ಲಿ ಅನ್ನದ ಬಟ್ಟಲು. "ದೇವಕ್ಕಾ, ಈ ಹುಡುಗಿ ಬಾಯಿನೇ ಬಿಡವಲ್ದು. ನಿಮ್ಮ ಕೈಲೆ ಎರಡು ತುತ್ತು ಹಾಕ್ರಿ. ಇಲ್ಲಾಂದ್ರ ನಿಮ್ಮ ಉಪಾಯ ನನಗ ಕಲಿಸ್ರಿ, ಪುಣ್ಯ ಬರ್ತೈತಿ."

ಮಗು ದೇವಿಯನ್ನು ನೋಡಿ ನಕ್ಕಿತು. ಸಣ್ಣ ತುಟಿ, ಎಲ್ಲ ಮಕ್ಕಳ ಹಾಗೆ ತನಗೆ ಬೇಡವಾದಾಗ ಮುಚ್ಚಿಕೊಳ್ಳಲು ಬರುವ ತುಟಿ. ದೇವಿಗೆ ಏನಾಯಿತೋ! "ಕರ್ಕಂಡು ಹೋಗು!" ಎಂದು ಕೂಗಿದಳು. "ಉಣ್ಣದಿದ್ರೆ ಬಿಡು. ಹಸಿವಾದ್ರೆ ತಾನೇ ಕೇಳ್ತದೆ. ನನ್ನ ಹತ್ರ ಮಾತ್ರ ತರ್ಬೇಡ, ಕೈ ಮುಗೀತೆ." ಮಹೇಶ್ವರಿ ಕಣ್ಣು ಬಾಯಿ ಬಿಟ್ಟು, "ಏನ್ ಸೊಕ್ಕರಿ ಯವ್ವಾ" ಎಂದು ಸರಸರ ಹೊರಟುಹೋದಳು. ಓಣಿಯ ತುಂಬ ಇನ್ನು ಬೇರೆಯೇ ಸುದ್ದಿ ಹರಡುತ್ತದೆಂದು ದೇವಿಗೆ ಗೊತ್ತಿತ್ತು. ಅವಳಿಗೆ ಅದರಿಂದ ಬೇಸರವಾಗಲಿಲ್ಲ.

ಅಂದೇ ಟಿವಿಗೆ ಮತ್ತೆ ಸೀರೆ ಹೊದಿಸಿದಳು. ಅಂದಿನಿಂದ ಅವಳಿಗೆ ಅನ್ನ ಇಳಿಯದಾಯಿತು. ತಟ್ಟೆಯ ಮುಂದೆ ಕೂತರೆ ತುತ್ತಿನ ಹಿಂದೆ ಸಿರ್ಸಿಯ ಬೆಂಚಿನಲ್ಲಿ ಕಂಡ ಆ ತೆರೆದ ಬಾಯಿಯೇ ಕಣ್ಣ ಮುಂದೆ ಬರುತ್ತಿತ್ತು. ಒಂದು ಲೋಟ ಮಜ್ಜಿಗೆ ಕುಡಿದು ಏಳುವಳು. ರೋಹಿಣಿ ಗಾಬರಿಯಾದಳು. "ಎಂತ ಆಗ್ತದೆ ಅತ್ತೆ? ಆಸ್ಪತ್ರೆಗೆ ಹೋಗ್ವನಾ?" ಎಂದು ಹಣೆ ಮುಟ್ಟಿ ನೋಡಿದಳು. ಅವಳು ಒಳ್ಳೆಯ ಮಾತಾಡಿದಷ್ಟೂ ದೇವಿಗೆ ಚುಚ್ಚುತ್ತಿತ್ತು. ಬೈದಿದ್ದರೆ ಚೆನ್ನಾಗಿತ್ತು.

ತಿಂಗಳ ಕೊನೆಯ ಶನಿವಾರ ಬಂತು. ರೋಹಿಣಿಗೆ ಔಷಧಿ ಅಂಗಡಿಯಲ್ಲಿ ಅದೇ ಕೊನೆಯ ದಿನ. ಬೆಳಿಗ್ಗೆ ಅವಳು ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಂಡಳು. ಹಾಡು ಇರಲಿಲ್ಲ. ಅವಳು ಅಂಗಳ ದಾಟುವವರೆಗೆ ದೇವಿ ಬಾಗಿಲಲ್ಲೇ ನಿಂತು ಇವತ್ತು ಹೇಳುತ್ತೇನೆ, ಸಂಜೆ ಬಂದ ಕೂಡಲೇ ಹೇಳುತ್ತೇನೆ ಎಂದುಕೊಂಡಳು. ಹೀಗೆ ಅಂದುಕೊಂಡು ಎಷ್ಟು ಬೆಳಿಗ್ಗೆಗಳು ಹೋಗಿದ್ದವೋ.

ಉಲ್ಲಾಸನಿಗೆ ಅರ್ಧ ದಿನದ ಶಾಲೆ. ಬಂದವನು ಚೀಲ ಇಟ್ಟು ಅಡುಗೆಮನೆಗೆ ಇಣುಕಿದ. ಬೆಳಿಗ್ಗೆ ರೋಹಿಣಿ ಬಡಿಸಿಟ್ಟ ಅಜ್ಜಿಯ ತಟ್ಟೆ ಮುಚ್ಚಿದ ಹಾಗೆಯೇ ಇತ್ತು. ದೇವಿ ನಡುಮನೆಯ ಚಾಪೆಯ ಮೇಲೆ ಗೋಡೆಗೆ ಒರಗಿದ್ದಳು.

"ಅಜ್ಜಿ, ನೀ ಇವತ್ತೂ ಉಣ್ಣಲಿಲ್ಲ."

"ಹಸಿವಿಲ್ಲ ಮಗಾ."

ಆ ಮಾತು ಅವನಿಗೆ ಅರ್ಥವಾದಂತೆ ಕಾಣಲಿಲ್ಲ. ಒಳಗೆ ಹೋಗಿ ಅನ್ನಕ್ಕೆ ಮಜ್ಜಿಗೆ ಸುರಿದು, ಉಪ್ಪು ಹಾಕಿ, ಐದೂ ಬೆರಳಲ್ಲಿ ಕಲಸಿ ತಂದ. ಅರ್ಧ ಮಜ್ಜಿಗೆ ಅಂಗಿಯ ಮೇಲೆ ಚೆಲ್ಲಿತ್ತು. ಬಟ್ಟಲನ್ನು ಚಾಪೆಯ ಮೇಲೆ ಇಟ್ಟು, ಹೊರಬಾಗಿಲನ್ನು ಮುಂದೆ ಮಾಡಿ ಬಂದ. "ದೃಷ್ಟಿ ತಾಗ್ತದೆ" ಎಂದ. ಟಿವಿಯ ಸೀರೆ ಎಳೆದು ಹಾಕಿದ. ದೇವಿ ಬೇಡವೆನ್ನುವುದರೊಳಗೆ ರಿಮೋಟು ಅವನ ಕೈಯಲ್ಲಿತ್ತು. ಧಾರಾವಾಹಿ ಬಂತು, ಬದಲಿಸಿದ. ಸಿನಿಮಾ ಬಂತು, ಬದಲಿಸಿದ. ಚಾಕೊಲೇಟು ಪುಡಿಯ ಬಿಳಿ ಕೋಟಿನವನು ಬಂದ ಕೂಡಲೇ ನಿಲ್ಲಿಸಿದ.

"ಚಿಪ್ಸ್ ಇಲ್ಲ ಅಜ್ಜಿ, ಎಲ್ಲ ಅಪ್ಪ ಬಿಸಾಡಿದ. ಇದನ್ನೇ ತಿನ್ನು." ಅಜ್ಜಿಯ ಎದುರು ಮಂಡಿಯೂರಿ ಕೂತು ಒಂದು ತುತ್ತು ಎತ್ತಿದ. ಎಡಗೈಯನ್ನು ತುತ್ತಿನ ಕೆಳಗೆ ಚೆಲ್ಲದ ಹಾಗೆ ಹಿಡಿದ, ದೇವಿ ಹಿಡಿಯುತ್ತಿದ್ದ ಹಾಗೆಯೇ. ತಲೆಯನ್ನು ಒಂದು ಕಡೆ ಓರೆ ಮಾಡಿ, ದನಿಯನ್ನು ಸಣ್ಣ ಮಾಡಿ, ರಮಿಸಿದ. "ಬಣ್ಣದ್ದು ಬಂತು. ಆ ಮಾಡು ಅಜ್ಜಿ. ಆ ಮಾಡು."

ದೇವಿಗೆ ಎದೆ ಒಡೆದುಹೋಯಿತು. ತನ್ನ ದನಿಯೇ, ತನ್ನ ಕೈಯೇ. ಪ್ರೀತಿ ಎಂದರೆ ಹೀಗೆ ಮಾಡುವುದು ಎಂದು ಈ ಮಗು ಕಲಿತಿತ್ತು. ಕಲಿಸಿದವಳು ಎದುರೇ ಕೂತಿದ್ದಳು.

ಮುಂದೆ ಮಾಡಿದ್ದ ಬಾಗಿಲು ತೆರೆಯಿತು. ಅಂಗಡಿಯವರು ಮಧ್ಯಾಹ್ನವೇ ಬಿಟ್ಟು ಕಳಿಸಿದ್ದರು. ರೋಹಿಣಿ ಹೊಸ್ತಿಲಲ್ಲಿ ನಿಂತಿದ್ದಳು. ಮಗನ ಕೈಯಲ್ಲಿನ ತುತ್ತು ನೋಡಿದಳು, ಟಿವಿಯಲ್ಲಿ ಗೋಡೆಗೆ ಗೆರೆ ಎಳೆಯುವವನನ್ನು ನೋಡಿದಳು, ಅತ್ತೆಯ ಮುಖ ನೋಡಿದಳು. ಯಾರೂ ಏನೂ ಹೇಳಬೇಕಾಗಲಿಲ್ಲ. ಆದರೂ ದೇವಿ ಹೇಳಿದಳು.

"ನಾನೇ ಕಲಿಸಿದ್ದು ರೋಹಿಣಿ. ಸಣ್ಣಿರುವಾಗಿಂದ. ಇದು ಬಂದಾಗ ಬಾಯಿ ಬಿಡೂದು ಕಲಿಸಿದೆ. ಮೊನ್ನೆ ಮೊನ್ನೆವರೆಗೂ ಕದ್ದು ಕೊಟ್ಟದ್ದೂ ನಾನೇ. ಉದಯಂಗೆ ನಾನೇ ಹೇಳ್ತೆ. ನೀ ಕೆಲಸ ಬಿಡೂದು ಬ್ಯಾಡ."

ರೋಹಿಣಿ ಬಂದು ಟಿವಿ ಆರಿಸಿದಳು. "ಅವತ್ತು ಡಾಕ್ಟ್ರು ಕೇಳ್ದಾಗ ಯಾಕೆ ಹೇಳ್ಲಿಲ್ಲ ಅತ್ತೆ?" ಎಂದಳು. "ನನ್ನ ಮೇಲೆ ಹಾಕಿದ್ದು ಹೋಗ್ಲಿ. ಇವಂದು ಇಷ್ಟು ದಿನ ಹೋಯ್ತಲ್ಲ."

ರೋಹಿಣಿ ಕ್ಷಮಿಸಿದೆ ಎನ್ನಲಿಲ್ಲ, ಹೊರಗೂ ಹೋಗಲಿಲ್ಲ. ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು ಅಲ್ಲೇ ನೆಲದ ಮೇಲೆ ಕೂತಳು.

ಉಲ್ಲಾಸ ಹೆದರಿ ಇಬ್ಬರನ್ನೂ ನೋಡಿದ. ತುತ್ತು ಹಿಡಿದ ಕೈ ಗಾಳಿಯಲ್ಲೇ ಉಳಿದಿತ್ತು, ಮಜ್ಜಿಗೆ ಮಣಿಕಟ್ಟಿನಿಂದ ಇಳಿಯುತ್ತಿತ್ತು. ಕಪ್ಪಾದ ಟಿವಿಯನ್ನು ನೋಡಿ ಕೇಳಿದ, "ಬಣ್ಣದ್ದು ಇಲ್ದೆ ಹ್ಯಾಂಗೆ ಅಜ್ಜಿ?"

ದೇವಿ ಬಾಯಿ ತೆರೆದಳು. ಹುಡುಗ ಅನುಮಾನದಿಂದ ತುತ್ತು ಇಟ್ಟ. ಅವಳು ಅಗಿದಳು. ಉಪ್ಪು ಹೆಚ್ಚಾಗಿತ್ತು. ಅಗಿದು ನುಂಗುವವರೆಗೂ ಅವನು ಅವಳ ಗಂಟಲನ್ನೇ ನೋಡುತ್ತಿದ್ದ. ಎರಡನೆಯ ತುತ್ತು ಎತ್ತುವ ಮೊದಲು ನಿಂತು, ಮುಖ ಹತ್ತಿರ ತಂದು ಕೇಳಿದ.

"ಸಾಕಾ ಅಜ್ಜಿ?"

ಇಷ್ಟು ವರ್ಷದಲ್ಲಿ, ಇಷ್ಟು ಬಟ್ಟಲುಗಳಲ್ಲಿ, ಆ ಒಂದು ಮಾತನ್ನು ದೇವಿ ಅವನಿಗೆ ಒಮ್ಮೆಯೂ ಕೇಳಿರಲಿಲ್ಲ. ತಕ್ಕಡಿಯಲ್ಲಿ ಕೂತು ಅವನೇ ಕೇಳಿದಾಗಲೂ ಇನ್ನೊಂಚೂರು ಎಂದಿದ್ದಳು.

"ಸಾಕು ಮಗಾ" ಎಂದಳು.

ಅವನು ಒಂದೇ ಮಾತಿಗೆ ಬಟ್ಟಲು ಕೆಳಗಿಟ್ಟ.